ಮತ್ತೋಡಿನ ಸೌಳು ಮಣ್ಣು: ಹವೆ, ನೆಲ, ಜೀವಿಗಳನ್ನು ಕುರಿತ ಪಾಠ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಹಿಂದೆ ಗಾಜಿನ ಬಳೆಗಳಿಗೆ ಹೆಸರಾದ ಊರು. 1800 ಮತ್ತು 1801ನೆಯ ಇಸವಿಗಳಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿಯ ಬಳೆಯ ಕುಲುಮೆಗಳನ್ನು ಕುರಿತು ಬರೆದಿರುವನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬಳೆಯು ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲ ವಸ್ತು. ಆದರೆ ಆ ಕೈಗಾರಿಕೆ ಮತ್ತೋಡಿನಲ್ಲಿ ಏತಕ್ಕೆ ಬೇರೂರಿತು, ಆಗುಂಬೆಯಲ್ಲಿ ಏತಕ್ಕೆ ಬೇರೂರಲಿಲ್ಲ ಎಂದು ಕೇಳಿದರೆ ಉತ್ತರಿಸುವವರು ವಿರಳ. ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಹವಾಗುಣದ ಪಾಠವನ್ನೆಲ್ಲ ಕಲಿಸಬಹುದೆಂದು ನಾವು ತಿಳಿದಿದ್ದೇವೆ.

ಗಾಜಿಗೆ ಮುಖ್ಯ ಸಾಮಗ್ರಿ ಬೆಣಚುಕಲ್ಲಿನ ಪುಡಿ. ಅದು ಒಂದೇ ಆದರೆ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳ್ಳಿಯ ಕುಲುಮೆಗೆ ಅದು ಎಟುಕದು. ಸೋಡಾ ಕ್ಷಾರವನ್ನು ಬೆರಸಿದಲ್ಲಿ ಬಹಳ ಕಡಮೆ ಶಾಖದಲ್ಲಿಯೇ ಕರಗುವುದು. ಈ ಕ್ಷಾರವು ಮತ್ತೋಡಿನವರಿಗೆ ನೆಲದ ಮೇಲೆಯೇ ದೊರೆಯುತ್ತಿತ್ತು. ಅದೇ ಸೌಳು ಮಣ್ಣು. ನಮ್ಮ ಅಜ್ಜಿಯರ ಕಾಲದಲ್ಲಿ ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದ ಮಣ್ಣು. ಒಣಸೀಮೆಯಲ್ಲಿ ನೆಲದೊಳಗಿನ ತೇವವು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲಕ್ಕೇರುವುದು. ಬಿಸಿಲಿಗೆ ನೀರು ಆವಿಯಾಗಿ ಹೋಗುವುದು. ಅದರಲ್ಲಿ ಕರಗಿದ್ದ ಲವಣವು ಬಿಳಿಯ ಪೊರೆಯಾಗಿ ಮೇಲೆ ಉಳಿಯುವುದು. ಮಲೆನಾಡಿನಲ್ಲಾದರೋ ಧಾರಾಕಾರವಾದ ಮಳೆಯು ಆ ಲವಣವನ್ನು ತೊಳೆದು ಹೊಳೆಗೆ ಒಯ್ಯುವುದು. ಆದುದರಿಂದ ಬಳೆಯ ಕಥೆಯು ಮಳೆಯ ಕಥೆಯೇ ಆಯಿತು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೇರವಾಗಿ ಸುಮಾರು 170 ಕಿಲೋಮೀಟರ್ ದೂರದ ಹಿರಿಯೂರಿನ ಕಡೆ 600 ಮಿಲಿಮೀಟರ್ ಬಿದ್ದರೆ ಅದೇ ಪುಣ್ಯ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿಯು ಪಶ್ಚಿಮ ಘಟ್ಟವನ್ನು ಏರುವಾಗ ತಣಿದು ನೀರನ್ನು ಅಲ್ಲಿಯೇ ಸುರಿಸಿಬಿಡುವುದು. ಘಟ್ಟವನ್ನು ಇಳಿಯುವಾಗ ಅದೇ ಗಾಳಿಯು ಕಾಯ್ದು ಒಣಗುವುದು. ಈ ಮಳೆನೆರಳಿನಲ್ಲಿ ನಮ್ಮ ಜಿಲ್ಲೆ ಕುಳಿತಿದೆ. ಇಲ್ಲಿಯ ರೈತನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮೋಡವನ್ನು ಹೆಚ್ಚಾಗಿ ನಂಬುವುದು ಇದರಿಂದಲೇ.

ಜೀವಿಗಳಿಗೂ ಅವುಗಳ ಸುತ್ತಲಿನ ನೆಲ, ನೀರು, ಹವೆಗಳಿಗೂ ಇರುವ ಸಂಬಂಧವನ್ನು ವಿಚಾರಿಸುವ ಶಾಸ್ತ್ರಕ್ಕೆ 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಂಬ ಪಂಡಿತನು ‘ಇಕಾಲಜಿ’ ಎಂದು ಹೆಸರಿಟ್ಟನು. ಮನೆ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದು ಹುಟ್ಟಿದೆ. ಗೃಹಕೃತ್ಯವನ್ನು ಬಲ್ಲ ನಮ್ಮ ಹಿಂದಿನ ವಿದ್ಯಾರ್ಥಿನಿಯರಿಗೆ ಈ ಹೆಸರು ಅಪರಿಚಿತವೆನಿಸದು: ಒಲೆ, ಉಗ್ರಾಣ, ಬಾವಿ, ಕೊಟ್ಟಿಗೆಗಳಲ್ಲಿ ಒಂದು ಕೆಟ್ಟರೆ ಉಳಿದವು ನಡೆಯವು.

ಮಳೆ ಮತ್ತು ಶಾಖ ಇವೆರಡರ ಪ್ರಮಾಣಕ್ಕೆ ತಕ್ಕಂತೆ ಭೂಮಿಯು ಕೆಲವು ಜೀವವಲಯಗಳಾಗಿ ಹಂಚಿಹೋಗಿದೆ. ಧ್ರುವದ ಬಳಿಯ ಹಿಮದ ಬಯಲು, ಅದರ ಕೆಳಗೆ ಸೂಜಿಯೆಲೆಯ ಮರಗಳ ಕಾಡು, ಮರುಭೂಮಿ, ಸಮಭಾಜಕದ ಮಳೆಕಾಡು ಇವುಗಳನ್ನು ಭೂಪಟದಲ್ಲಿ ಎಲ್ಲರೂ ಕಂಡವರೇ. ಅಷ್ಟು ದೂರ ಹೋಗಲು ಅನುಕೂಲವಿಲ್ಲದವರು ವೇದಾವತಿಯ ಜೊತೆಯಲ್ಲಿ ನಡೆದರೆ ಸಾಕು. ಚಂದ್ರದ್ರೋಣ ಪರ್ವತದಲ್ಲಿ, ಶೋಲಾ ಕಾಡು ಮತ್ತು ತಂಪಾದ ಹುಲ್ಲಿನ ನೆತ್ತಿಗಳ ನಡುವೆ, ವೇದಾ ಮತ್ತು ಅವತಿ ಎಂಬ ಎರಡು ಹಳ್ಳಗಳಾಗಿ ಇದು ಹುಟ್ಟುವುದು. ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ, ಹೊಸದುರ್ಗದ ಸೀಮೆಗೆ ಬರುವ ಹೊತ್ತಿಗೆ ದಡದ ಆಚೆ ಕಾಣುವುದು ಜಾಲಿ, ಬನ್ನಿ, ಕಾರೆ, ತಂಗಡಿ, ಬಂದರಿಕೆ. ಎಲೆ ಸಣ್ಣದು, ಮುಳ್ಳು ಹೆಚ್ಚು, ಬೇರು ಆಳ. ನೀರನ್ನು ಉಳಿಸಲು ಈ ಗಿಡಗಳು ಕಲಿತ ಜಾಣ್ಮೆಯಿದು.

ಮರಗಳ ನಡುವಣ ಹುಲ್ಲಿನ ಬಯಲೇ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂದಾಯಿತು. ಅದರ ದನಗಳಿಗಾಗಿ ಈ ಕಾವಲುಗಳನ್ನು ಕಾಯ್ದಿಡಲಾಗಿತ್ತು. ಕಂದಾಯದ ಲೆಕ್ಕದಲ್ಲಿ ಇಂಥ ನೆಲವನ್ನು ಬಂಜರೆಂದು ಬರೆಯುವ ರೂಢಿಯನ್ನು ನಾವು ಒಪ್ಪಲಾರೆವು. ಹುಲ್ಲನ್ನು ಮೊಲ, ಕೃಷ್ಣಮೃಗಗಳು ತಿನ್ನುವುವು. ಅವುಗಳನ್ನು ತೋಳ ತಿನ್ನುವುದು. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಆಹಾರದ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ದಾಟುವುದು. ಹೀಗಾಗಿ ಕೆಲವೇ ತೋಳಗಳು ಬದುಕಲು ಬಹಳ ವಿಸ್ತಾರವಾದ ಹುಲ್ಲುಗಾವಲು ಬೇಕು. 2010ರ ಹೊತ್ತಿಗೆ ಚಳ್ಳಕೆರೆಯ ಕುದಾಪುರ, ವರವು ಮೊದಲಾದ ಕಾವಲುಗಳಲ್ಲಿ ಸುಮಾರು 10,000 ಎಕರೆಯು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾಯಿತು. ವಿದ್ಯಾಸಂಸ್ಥೆಗಳು ಬೇಡವೆಂದು ಉಪಾಧ್ಯಾಯಿನಿಯರಾದ ನಾವು ಹೇಳುವುದುಂಟೇ? ಆದರೆ ದನಕರು ಮೇಯಿಸುತ್ತಿದ್ದ ಹಳ್ಳಿಗಳವರ ದೂರನ್ನು ಕೇಳಿದವರು ಆ ನೆಲವು ಖಾಲಿಯಿತ್ತೆಂದು ಹೇಳಲಾರರು. ಹಾಗೆಯೇ ವನಮಹೋತ್ಸವದ ಉತ್ಸಾಹದಲ್ಲಿ ಹುಲ್ಲಿನ ಬಯಲನ್ನು ಅಗೆದು ನೀಲಗಿರಿ ನೆಡುವುದೂ ಉಪಕಾರವಲ್ಲ. ಬಯಲ ಹಕ್ಕಿಯಾದ ಎರೆಭೂತಕ್ಕೆ ಮರದ ಹಂಗಿಲ್ಲ. ಅದು ನೆಲದ ಮೇಲೆಯೇ ಮೊಟ್ಟೆಯಿಡುವುದು. ನಮ್ಮ ರಾಜ್ಯದಲ್ಲಿ ಈಗ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ನೀರಿನ ಜೀವವಲಯದ ವಿಷಯ. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಪಾಲು ಸಮುದ್ರ. ಒಟ್ಟು ನೀರಿನಲ್ಲಿ ಸಿಹಿನೀರು ನೂರಕ್ಕೆ ಎರಡೂವರೆ ಮಾತ್ರ, ಅದರಲ್ಲಿಯೂ ಬಹುಭಾಗ ಹಿಮಗಡ್ಡೆ. ನೆಲದಲ್ಲಿ ಮಳೆ ಹೇಗೋ ನೀರಿನಲ್ಲಿ ಬೆಳಕು ಹಾಗೆ. ಆಳವಿಲ್ಲದ ಕೆರೆಯಲ್ಲಿ ತಳದವರೆಗೆ ಬಿಸಿಲು ಇಳಿಯುವುದರಿಂದ ಪಾಚಿ, ಮೀನು, ಬೆಳ್ಳಕ್ಕಿಗಳ ಸಂತೆ ನೆರೆಯುವುದು. ಆಳವಾದ ಜಲಾಶಯದ ತಳವೋ ಕತ್ತಲೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮೂರನೆಯ ಬಾರಿ.

ಈಗ ಭದ್ರಾ ಮೇಲ್ದಂಡೆ ಯೋಜನೆಯಿಂದ ಮಲೆನಾಡಿನ ನೀರು ಈ ಕಣಿವೆಗೆ ಬರುತ್ತಲಿದೆ. ಸಂತೋಷವೇ. ಆದರೆ ನೀರು ಬಂದ ಮಾತ್ರಕ್ಕೆ ಹವಾಗುಣ ಬದಲಾಗದು. ಬಿಸಿಲು ಅದೇ, ಆವಿಯಾಗುವಿಕೆ ಅದೇ. ಹೊಲಕ್ಕೆ ಹಾಯಿಸಿದ ನೀರು ಬಸಿದುಹೋಗಲು ದಾರಿಯಿಲ್ಲದಿದ್ದರೆ ನೆಲದೊಳಗಿನ ನೀರಿನ ಮಟ್ಟವು ಏರಿ ಅದೇ ಬತ್ತಿಯ ನ್ಯಾಯದಿಂದ ಲವಣವು ಮೇಲಕ್ಕೆ ಬರುವುದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಗಂಗಾವತಿ, ಸಿಂಧನೂರು ಕಡೆಯ ಎಷ್ಟೋ ಬತ್ತದ ಗದ್ದೆಗಳು ಹೀಗೆ ಸೌಳಾಗಿವೆ. ಹೊಲವುಳ್ಳ ತಂದೆತಾಯಿಗಳು ಕಾಲುವೆಯ ನೀರನ್ನು ಎದುರುನೋಡುವಾಗಲೇ ತಗ್ಗಿನ ಅಂಚಿನಲ್ಲಿ ಬಸಿಗಾಲುವೆಗೆ ಜಾಗ ಬಿಡಲಿ. ಬೇಸಗೆಯಲ್ಲಿ ಮಣ್ಣಿನ ಮೇಲೆ ಬಿಳಿಯ ಪೊರೆ ಕಂಡರೆ, ಮುಂದಿನ ಬಿತ್ತನೆಗೆ ಮೊದಲು ಮಣ್ಣನ್ನು ಪರೀಕ್ಷೆಗೆ ಕಳುಹಿಸಲಿ.