ವಿಕಲಚೇತನ ಮಗುವಿನ ಶಿಕ್ಷಣ: ಹಣದೊಡನೆ ಹಕ್ಕೂ ಸಾಗಲಿ

ಸರ್ಕಾರವು ಶಿಕ್ಷಣದ ವೆಚ್ಚವನ್ನು ಮಗುವಿನ ಹೆಸರಿನಲ್ಲಿ ನೀಡಿ, ಶಾಲೆಯ ಆಯ್ಕೆಯನ್ನು ಪೋಷಕರಿಗೆ ಬಿಡುವ ಪದ್ಧತಿಯೇ ಶಾಲಾ ವೋಚರ್. ಅಮೆರಿಕದ ಫ್ಲಾರಿಡಾ ರಾಜ್ಯವು ವಿಕಲಚೇತನ ವಿದ್ಯಾರ್ಥಿಗಳಿಗಾಗಿಯೇ 1999ರಲ್ಲಿ ಇಂತಹದೊಂದು ಯೋಜನೆಯನ್ನು ಆರಂಭಿಸಿತು. 2022ರಲ್ಲಿ ಅದು ಮತ್ತೊಂದು ಯೋಜನೆಯಲ್ಲಿ ವಿಲೀನಗೊಂಡಿತು. ಅದರಿಂದ ಪೋಷಕರಿಗೆ ಆಯ್ಕೆಯೇನೋ ದೊರೆಯಿತು. ಆದರೆ ಖಾಸಗಿ ಶಾಲೆಗೆ ಸೇರಿದ ಮಗುವು, ಸರ್ಕಾರಿ ಶಾಲೆಯಲ್ಲಿ ರಾಷ್ಟ್ರೀಯ ಕಾಯಿದೆಯನ್ವಯ ತನಗಿದ್ದ ವಿಶೇಷ ಶಿಕ್ಷಣದ ಹಕ್ಕನ್ನು ಬಿಟ್ಟುಕೊಡಬೇಕಾಗುತ್ತಿತ್ತು.

ನಮ್ಮಲ್ಲಿ ಇದಕ್ಕೆ ಸಮೀಪವಾದುದು 2009ರ ಶಿಕ್ಷಣ ಹಕ್ಕು ಕಾಯಿದೆಯ 12ನೆಯ ಪ್ರಕರಣ. ಇದರಂತೆ, ಅಲ್ಪಸಂಖ್ಯಾತರ ಸಂಸ್ಥೆಗಳನ್ನುಳಿದು, ಅನುದಾನರಹಿತ ಖಾಸಗಿ ಶಾಲೆಗಳು ಒಂದನೆಯ ತರಗತಿಯ ಕನಿಷ್ಠ ಶೇಕಡಾ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಹಾಗೂ ಅವಕಾಶವಂಚಿತ ಮಕ್ಕಳಿಗೆ ಮೀಸಲಿಡತಕ್ಕದ್ದು. 2012ರ ತಿದ್ದುಪಡಿಯು ವಿಕಲಚೇತನ ಮಕ್ಕಳನ್ನೂ ಅವಕಾಶವಂಚಿತರ ಗುಂಪಿಗೆ ಸೇರಿಸಿತು. ಸರ್ಕಾರವು ಒಂದು ಮಗುವಿಗಾಗಿ ತಾನು ಮಾಡುವ ವೆಚ್ಚ ಅಥವಾ ಶಾಲೆಯ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಶಾಲೆಗೆ ಮರುಪಾವತಿ ಮಾಡುತ್ತದೆ. ಬ್ರೈಲ್ ಪುಸ್ತಕ, ಸಂಜ್ಞಾಭಾಷೆ ಬಲ್ಲ ಶಿಕ್ಷಕರು ಮುಂತಾದ ಅಗತ್ಯಗಳಿಗೆಂದು ಈ ಪ್ರಕರಣವು ಪ್ರತ್ಯೇಕ ಮೊತ್ತವನ್ನು ಸೂಚಿಸಿಲ್ಲ. ಸ್ಥಾನ ದೊರೆತರೂ ಕಲಿಕೆ ದೊರೆಯದಿರುವ ಅಪಾಯವಿರುವುದು ಇಲ್ಲಿಯೇ.

ಈ ಕೊರತೆಯನ್ನು ನೀಗಲು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನೆರವಾಗುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳದ್ದೆಂದು ದೃಢೀಕರಿಸಲ್ಪಟ್ಟ, 6ರಿಂದ 18 ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಇಂತಹ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸುವುದು ಸರ್ಕಾರದ ಹೊಣೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಭೇದವೆಣಿಸದೆ ಪ್ರವೇಶ ನೀಡುವಂತೆ ಶ್ರಮಿಸುವುದೂ ಅದರ ಕರ್ತವ್ಯವೇ.

ಇವು ಕೇಂದ್ರ ಕಾಯಿದೆಗಳಾದುದರಿಂದ, ಚೆನ್ನೈನ ಪೋರೂರಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಕ್ಕೂ ಅನ್ವಯಿಸುತ್ತವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ ಶ್ರವಣದೋಷವುಳ್ಳ ಮಗುವಿನ ಹೊರೆ ಇಮ್ಮಡಿಯಾಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು ಕಾಯಿದೆಯ 17ನೆಯ ಪ್ರಕರಣವು ಹೆಸರಿಸಿದೆ. ಪೋಷಕರು ಇವುಗಳಿಗಾಗಿ ಶಾಲೆಗೆ ಲಿಖಿತ ಮನವಿ ಸಲ್ಲಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಒಳಿತು. ಹಕ್ಕು ನಿರಾಕರಿಸಲ್ಪಟ್ಟರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ನೀಡಬಹುದು.

ಶಾಲೆಯನ್ನು ಆರಿಸುವ ಮುನ್ನ ಶುಲ್ಕವನ್ನು ಯಾರು ಭರಿಸುವರೆಂದು ಮಾತ್ರ ಕೇಳಿದರೆ ಸಾಲದು. ಮಗುವು ಕುಳಿತ ತರಗತಿಯಲ್ಲಿ ಪಾಠವು ಅದಕ್ಕೆ ತಲುಪುವುದೇ ಎಂಬುದನ್ನೂ ಕೇಳತಕ್ಕದ್ದು.