ಕಡಲ ಮೀನಿನ ತೊಟ್ಟಿಯೂ ಶೋಧಕವೂ

ಮನೆಯ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕುವವರು ಉಪ್ಪುನೀರನ್ನು ಸ್ಪಂಜು ಇಲ್ಲವೆ ಪಾಲಿಯೆಸ್ಟರ್ ನಾರಿನ ಮೂಲಕ ಹರಿಸಿ ಸೋಸುವರು. ಮಿಕ್ಕ ಆಹಾರ, ಮೀನಿನ ಮಲ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ತಿಳಿಯಾದೊಡನೆ ಶುದ್ಧವಾಯಿತೆಂದು ನಾವು ಭಾವಿಸುತ್ತೇವೆ. ಆದರೆ ಕೊಳೆ ಹೋದುದೆಲ್ಲಿಗೆ? ಚಹಾದ ಚರಟವನ್ನು ಜಾಲರಿಯಲ್ಲೇ ಇಟ್ಟು ಮತ್ತೆ ಮತ್ತೆ ಅದರ ಮೇಲೆಯೇ ಚಹಾ ಸುರಿದಂತೆ, ನೀರು ಆ ಕೊಳೆಯ ನಡುವೆಯೇ ಹರಿಯುತ್ತಿರುತ್ತದೆ!

ಅದು ಕೊಳೆತರೆ ಅಮೋನಿಯಾ ಹುಟ್ಟಿ ಮೀನಿನ ಕಿವಿರುಗಳಿಗೆ ಹಾನಿಯಾಗುತ್ತದೆ. ಅಮೋನಿಯಾ ಕಣ್ಣಿಗೆ ಕಾಣದು. ಆದುದರಿಂದ ನಾರನ್ನು 2-3 ದಿನಗಳಿಗೊಮ್ಮೆ ತೊಳೆಯಬೇಕು, ಇಲ್ಲವೆ ಬದಲಿಸಬೇಕು. ಸ್ಪಂಜಿನಲ್ಲಿ ಅಮೋನಿಯಾವನ್ನು ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಗಳೂ ನೆಲೆಸಿರುತ್ತವೆ. ನಳ್ಳಿ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ಬಕೆಟಿಗೆ ತೆಗೆದ ನೀರಿನಲ್ಲೇ ಅದನ್ನು ಹಿಂಡಿ ತೊಳೆಯೋಣ. ಆ ಕಂದುನೀರು ಮರಳಿ ತೊಟ್ಟಿಗೆ ಬೇಡ. ಉಪ್ಪಿರುವುದರಿಂದ ಹೂಗಿಡದ ಬುಡಕ್ಕೂ ಬೇಡ.