ಎರವಲು ವಸ್ತುಗಳ ಭಂಡಾರ

ಗ್ರಂಥಾಲಯದ ಪದ್ಧತಿಯು ನಮ್ಮ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ ಆಗಿದೆ. ಬೇಕಾದ ಪುಸ್ತಕವನ್ನು ಆರಿಸಿಕೊಳ್ಳುವುದು, ವಹಿಯಲ್ಲಿ ರುಜು ಹಾಕುವುದು, ಗೊತ್ತಾದ ದಿನದೊಳಗೆ ಓದಿ ಮರಳಿಸುವುದು. ಒಂದೇ ಪುಸ್ತಕವು ವರ್ಷದಲ್ಲಿ ಹತ್ತಿಪ್ಪತ್ತು ಮಕ್ಕಳ ಕೈಗೆ ಹೋಗಿ ಬರುತ್ತದೆ. ಯಾರೂ ಅದನ್ನು ಕೊಂಡಿರುವುದಿಲ್ಲ, ಎಲ್ಲರೂ ಓದಿರುತ್ತಾರೆ. ಇದೇ ಕ್ರಮವನ್ನು ಏಣಿ, ಕೊಪ್ಪರಿಗೆ, ಶ್ಯಾವಿಗೆ ಯಂತ್ರ, ಗೋಡೆಗೆ ತೂತು ಕೊರೆಯುವ ಡ್ರಿಲ್ಲು, ರೋಗಿಗಳ ಗಾಲಿಕುರ್ಚಿ ಮುಂತಾದ ಸಾಮಾನುಗಳಿಗೂ ಅನ್ವಯಿಸಬಹುದೇ, ಅನ್ವಯಿಸಿದರೆ ಅದರ ನಿಯಮಗಳೇನಿರಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ. ವಿದ್ಯಾರ್ಥಿಗಳು ಇದನ್ನು ತಮ್ಮ ತಾಯಿತಂದೆಗಳ ಎದುರು ಓದಿ ಹೇಳಬೇಕೆಂದು ನಮ್ಮ ಅಪೇಕ್ಷೆ. ಏಕೆಂದರೆ ಸಾಮಾನುಗಳು ಅವರವು.

ಮೊದಲು ಮಾತುಗಳ ಅರ್ಥವನ್ನು ಬೇರ್ಪಡಿಸಿಕೊಳ್ಳಬೇಕು. ಈ ವಿಷಯದಲ್ಲಿ ಕನ್ನಡವು ಬಹು ಎಚ್ಚರದ ಭಾಷೆ. ನೆರೆಮನೆಯಿಂದ ಒಂದು ಬಟ್ಟಲು ಜೋಳದ ಹಿಟ್ಟು ತಂದರೆ ಅದು ಕಡ ಅಥವಾ ಕೈಗಡ. ತಂದ ಹಿಟ್ಟು ರೊಟ್ಟಿಯಾಗಿ ಹೊಟ್ಟೆ ಸೇರಿತು. ತಿರುಗಿ ಕೊಡುವುದು ಬೇರೆ ಹಿಟ್ಟು, ಅಳತೆ ಮಾತ್ರ ಅದೇ. ನಮ್ಮ ನೆರೆಯ ಮರಾಠಿಯಲ್ಲಿ ಇದಕ್ಕೆ ‘ಉಸನೆ’ ಎನ್ನುವರು. ಹಣವನ್ನು ಬಡ್ಡಿಗೆ ತಂದರೆ ಸಾಲ. ಉಪಯೋಗಕ್ಕೆ ದುಡ್ಡು ಕೊಟ್ಟು ತಂದರೆ ಬಾಡಿಗೆ. ದುಡ್ಡಿಲ್ಲದೆ ತಂದು, ಬಳಸಿ, ತಂದ ಆ ವಸ್ತುವನ್ನೇ ತಿರುಗಿ ಒಪ್ಪಿಸುವುದು ಎರವಲು. ಹಿಟ್ಟನ್ನು ಎರವಲು ತರಲು ಬರುವುದಿಲ್ಲ; ಏಣಿಯನ್ನು ಕಡ ತರಲು ಬರುವುದಿಲ್ಲ. ನಾವು ಇಲ್ಲಿ ಮಾತನಾಡುವುದು ಎರವಲಿನ ವಿಷಯ.

ಎರವಲಿನ ಶಾಸ್ತ್ರವು ನಮ್ಮ ನಾಡಿನಲ್ಲಿ ಹೊಸದಲ್ಲ. ಅಕ್ಕಲಕೋಟೆ ಸೀಮೆಯವರಾದ ನಮಗೆ ಬಹು ದೂರವಲ್ಲದ ಕಲ್ಯಾಣವು, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾಗಿತ್ತು. ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅದು ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗದ ಕಾನೂನಿಗೆ ಆಧಾರವಾಯಿತೆಂಬುದನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆದರೆ ಅದರಲ್ಲಿ ಎರವಲಿನ ಮಾತೂ ಬಂದಿದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸ್ಮೃತಿಯಲ್ಲಿ ‘ಯಾಚಿತ’ ಎಂಬ ಶಬ್ದ ಬಂದಲ್ಲಿ ವಿಜ್ಞಾನೇಶ್ವರನು ಅದರ ಅರ್ಥವನ್ನು ಬಿಡಿಸುತ್ತಾ, ಮದುವೆ ಮೊದಲಾದ ಉತ್ಸವಗಳಿಗೆಂದು ಬೇಡಿ ತಂದ ಬಟ್ಟೆ, ಒಡವೆ ಮುಂತಾದುವು ಎಂದು ವಿವರಿಸುತ್ತಾನೆ. ಸುಮಾರು ಒಂಬತ್ತು ನೂರು ವರ್ಷಗಳ ಕೆಳಗೆ ಕಲ್ಯಾಣದಲ್ಲಿ ಕುಳಿತ ಪಂಡಿತನಿಗೆ ಎರವಲೆಂದ ಕೂಡಲೆ ನೆನಪಾದದ್ದು ಮದುವೆಯ ಮನೆ! ಇಂದಿಗೂ ನಮ್ಮಲ್ಲಿ ಹೆಚ್ಚಿನ ಎರವಲು ನಡೆಯುವುದು ಮದುವೆಯ ಹಂದರದ ಕೆಳಗೇ ಅಲ್ಲವೇ?

ನಂಬಿ ಇಟ್ಟ ವಸ್ತುವಿನ ನಿಯಮವನ್ನೇ ಸ್ಮೃತಿಯು ಎರವಲು ವಸ್ತುವಿಗೂ ಅನ್ವಯಿಸುತ್ತದೆ. ರಾಜನು ಕಸಿದುಕೊಂಡರೆ, ದೈವದಿಂದ ನಾಶವಾದರೆ, ಕಳ್ಳರು ಒಯ್ದರೆ, ತಂದವನು ಅದನ್ನು ತುಂಬಿಕೊಡಬೇಕಾಗಿಲ್ಲ. ಆದರೆ ಒಡೆಯನು ಕೇಳಿದ ಮೇಲೂ ಕೊಡದೆ ಇಟ್ಟುಕೊಂಡು, ಅನಂತರ ಅದು ಹಾಳಾದರೆ, ಅದರ ಬೆಲೆಯನ್ನೂ ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು.

ಈಗ 1872ರ ಭಾರತೀಯ ಕರಾರು ಕಾಯ್ದೆಯನ್ನು ತೆರೆದು ನೋಡೋಣ. ಇದು ಇಂದಿಗೂ ಜಾರಿಯಲ್ಲಿದೆ. ಒಬ್ಬನ ವಸ್ತುವನ್ನು ಇನ್ನೊಬ್ಬನು ಒಂದು ಉದ್ದೇಶಕ್ಕಾಗಿ ತೆಗೆದುಕೊಂಡು ಮರಳಿಸುವ ವ್ಯವಹಾರಕ್ಕೆ ಅದರಲ್ಲಿ 148ನೆಯ ಕಲಮಿನಿಂದ ಒಂದು ಅಧ್ಯಾಯವೇ ಇದೆ. 151ನೆಯ ಕಲಮಿನಂತೆ, ಸಾಧಾರಣ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನವನ್ನು ಎರವಲು ತಂದವನು ಮಾಡತಕ್ಕದ್ದು. ಅಷ್ಟು ಮಾಡಿದ ಮೇಲೂ ವಸ್ತುವು ಕೆಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅವನ ಮೇಲೆ ಹೊಣೆಯಿಲ್ಲ. ಅವಧಿ ಮುಗಿದ ಕೂಡಲೆ, ಕೇಳಿಸಿಕೊಳ್ಳದೆಯೇ ಮರಳಿಸಬೇಕು. ತನ್ನ ತಪ್ಪಿನಿಂದ ಸಕಾಲಕ್ಕೆ ಮರಳಿಸದಿದ್ದರೆ ಆ ಕ್ಷಣದಿಂದ ಆಗುವ ನಷ್ಟವೆಲ್ಲ ಅವನದೇ. ಸ್ಮೃತಿಯ ಮಾತಿಗೂ ಈ ಮಾತಿಗೂ ಎಷ್ಟು ಹತ್ತಿರ ನೋಡಿರಿ! ಕೊಡುವವನಿಗೂ ಕರ್ತವ್ಯವುಂಟು. ಏಣಿಯ ಮೆಟ್ಟಿಲು ಮುರಿದಿದೆಯೆಂದು ತಿಳಿದೂ ಹೇಳದೆ ಕೊಟ್ಟು, ತಂದವನು ಬಿದ್ದರೆ, ಕೊಟ್ಟವನೇ ಹೊಣೆ. ಬಾಡಿಗೆಗೆ ಕೊಟ್ಟಿದ್ದರಂತೂ ದೋಷವು ತನಗೆ ತಿಳಿದಿರಲಿಲ್ಲವೆಂಬ ನೆಪವೂ ಸಲ್ಲದು. 159ನೆಯ ಕಲಮು ಇನ್ನೂ ಸ್ವಾರಸ್ಯವಾಗಿದೆ. ಪುಕ್ಕಟೆಯಾಗಿ ಕೊಟ್ಟವನು ಅವಧಿಗೆ ಮೊದಲೇ ತನ್ನ ವಸ್ತುವನ್ನು ಕೇಳಬಹುದು. ಆದರೆ ಆ ಅವಧಿಯನ್ನು ನಂಬಿ ನಡೆದವನಿಗೆ ತಾನು ಪಡೆದ ಲಾಭಕ್ಕಿಂತ ಹೆಚ್ಚು ನಷ್ಟವಾದರೆ, ಆ ಹೆಚ್ಚಿನ ಭಾಗವನ್ನು ಕೇಳಿದವನು ತುಂಬಿಕೊಡಬೇಕು. ಒಲೆ ಹೂಡಿ, ಅಕ್ಕಿ ತೊಳೆದು, ಬೀಗರು ಬಂದಿಳಿದ ಮೇಲೆ ‘ನಮ್ಮ ಕೊಪ್ಪರಿಗೆ ಕೊಡಿರಿ’ ಎಂದರೆ ಏನಾದೀತೆಂಬುದನ್ನು ಕಾಯ್ದೆ ಬರೆದವರು ಅರಿತಿದ್ದರೆಂದೇ ನಮಗೆ ಅನಿಸುತ್ತದೆ.

ನಮ್ಮ ಹಳ್ಳಿಗಳಲ್ಲಿ ಗುಡಿ, ಮಠಗಳು ದೊಡ್ಡ ಪಾತ್ರೆಗಳನ್ನು ಇಟ್ಟುಕೊಂಡು ಮದುವೆ, ಜಾತ್ರೆ, ತೊಟ್ಟಿಲು ಕಾರ್ಯಗಳಿಗೆ ಕೊಡುವ ಪದ್ಧತಿಯುಂಟು. ತಾಮ್ರದ ಹಂಡೆ, ಹಿತ್ತಾಳೆಯ ಪರಾತ, ಕೊಪ್ಪರಿಗೆ, ಉದ್ದ ಹಿಡಿಯ ಸೌಟು, ಜಮಖಾನೆ. ಪಾತ್ರೆಯ ಅಂಚಿನಲ್ಲಿ ಕೊಟ್ಟ ದಾನಿಯ ಹೆಸರನ್ನೋ ದೇವರ ಹೆಸರನ್ನೋ ಕೊರೆದಿರುತ್ತಾರೆ. ಗ್ರಂಥಾಲಯದ ಪುಸ್ತಕದ ಮೇಲಿನ ಮುದ್ರೆಗೆ ಅದನ್ನು ಹೋಲಿಸಬಹುದು. ತಾಮ್ರ ಹಿತ್ತಾಳೆಗಳಿಗೆ ಆಗಾಗ ಕಲಾಯಿ ಮಾಡಿಸದಿದ್ದರೆ ಹುಳಿ ಪದಾರ್ಥ ಕಿಲುಬುತ್ತದೆ. ಆದುದರಿಂದ ಪಾತ್ರೆ ಒಯ್ದವರು ತಿರುಗಿ ಕೊಡುವಾಗ ಕಲಾಯಿಗೆಂದು ಗುಡಿಗೆ ಏನಾದರೂ ಒಪ್ಪಿಸುವುದು ಸರಿಯಾದ ಏರ್ಪಾಡೇ. ಇತ್ತೀಚೆಗೆ ಪೆಂಡಾಲು ಮತ್ತು ಅಡಿಗೆ ಸಾಮಾನುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಎಲ್ಲೆಡೆ ಆಗಿವೆ. ಹಣವಿದ್ದವರಿಗೆ ಅದು ಅನುಕೂಲವೇ. ಹಣವಿಲ್ಲದವರು ಮಗಳ ಮದುವೆಗೆಂದು ತೆಗೆದ ಸಾಲದಲ್ಲಿ ಪಾತ್ರೆಯ ಬಾಡಿಗೆಯೂ ಒಂದು ಬಾಬಾಗಿ ಸೇರಿಕೊಳ್ಳುತ್ತದೆ.

ಆದರೆ ಹಳೆಯ ಪದ್ಧತಿಯನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಚಬಾರದು. ಊರ ಪಾತ್ರೆ ಎಂದು ಕರೆದರೂ ಅದು ಊರಿನ ಎಲ್ಲರ ಪಾತ್ರೆಯಾಗಿರಲಿಲ್ಲ. ಕೇರಿಯ ಜನರು ಅದನ್ನು ಮುಟ್ಟುವಂತಿರಲಿಲ್ಲ. ಅವರ ಮನೆಯ ಮದುವೆಗೆ ಅದು ಹೊರಡುತ್ತಲೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯ 4ನೆಯ ಕಲಮು, ಸಾರ್ವಜನಿಕ ಉಪಾಹಾರಗೃಹ, ಧರ್ಮಶಾಲೆ ಮುಂತಾದೆಡೆ ಜನರ ಬಳಕೆಗಾಗಿ ಇಟ್ಟ ಪಾತ್ರೆಗಳನ್ನು ಅಸ್ಪೃಶ್ಯತೆಯ ಕಾರಣದಿಂದ ಒಬ್ಬನಿಗೆ ನಿರಾಕರಿಸುವುದನ್ನು ಹೆಸರಿಟ್ಟು ಶಿಕ್ಷಾರ್ಹ ಮಾಡಿತು. 1976ರ ತಿದ್ದುಪಡಿಯಿಂದ ಈ ಕಾಯ್ದೆಗೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂಬ ಹೆಸರು ಬಂದಿತು. ದೇಶದ ಕಾಯ್ದೆಯು ಪಾತ್ರೆಯನ್ನು ಹೆಸರಿಸಿ ಹೇಳಬೇಕಾಯಿತೆಂದರೆ, ಆ ಲೋಹದ ಪಾತ್ರೆಯಲ್ಲಿ ಎಷ್ಟು ಜನರ ಮಾನ ಅಡಗಿತ್ತೆಂಬುದನ್ನು ವಿದ್ಯಾರ್ಥಿಗಳು ಯೋಚಿಸಬೇಕು. ಈಗ ಯಾವ ಭಂಡಾರವನ್ನು ಕಟ್ಟಿದರೂ ಅದರ ವಹಿಯಲ್ಲಿ ಹೆಸರು ಮತ್ತು ತಾರೀಖಿನ ಹೊರತು ಜಾತಿಯ ಅಂಕಣವಿರಕೂಡದು.

ಇನ್ನು ನೆರೆಹೊರೆಯ ಎರವಲಿನಲ್ಲಿ ಬೇರೊಂದು ತೊಡಕುಂಟು. ಕೇಳುವವನ ತಲೆ ತಗ್ಗುತ್ತದೆ. ಕೊಡುವವನ ಮುಖದಲ್ಲಿ ಉಪಕಾರದ ಭಾವ ಮೂಡುತ್ತದೆ. ಎರಡನೆಯ ಸಲ ಕೇಳಲು ಬಡವನಿಗೆ ಬಾಯಿ ಬರುವುದಿಲ್ಲ. ಆದರೆ ಗ್ರಂಥಾಲಯದಲ್ಲಿ ಪುಸ್ತಕ ಕೇಳುವಾಗ ಯಾವ ಹುಡುಗನೂ ನಾಚುವುದಿಲ್ಲ. ಕಾರಣವೇನು? ಅಲ್ಲಿ ವಹಿಯಿದೆ, ಕ್ರಮಸಂಖ್ಯೆಯಿದೆ, ಎಲ್ಲರಿಗೂ ಒಂದೇ ಅವಧಿಯಿದೆ. ಅಧ್ಯಕ್ಷರ ಮಗನೂ ಆಳಿನ ಮಗನೂ ಒಂದೇ ಪುಟದಲ್ಲಿ ರುಜು ಹಾಕುತ್ತಾರೆ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು (1892–1972) 1931ರಲ್ಲಿ ಪ್ರಕಟಿಸಿದ ಐದು ನಿಯಮಗಳಲ್ಲಿ ಮೊದಲನೆಯದರ ತಾತ್ಪರ್ಯವು, ಪುಸ್ತಕವನ್ನು ಕಪಾಟಿನ ಶೋಭೆಗಾಗಿ ಕೂಡಿಡದೆ ಓದುಗರ ಕೈಗೆ ಕೊಡಬೇಕೆಂಬುದು. ಜೀವಿತದ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ಪುಸ್ತಕವೆಂಬಲ್ಲಿ ಏಣಿಯೆಂದು ಓದಿಕೊಂಡರೂ ಅವರ ನಿಯಮ ಕೆಡುವುದಿಲ್ಲ.

ಈ ಪ್ರಯೋಗವನ್ನು ಹೊರದೇಶಗಳಲ್ಲಿ ಮಾಡಿ ನೋಡಿದ್ದಾರೆ. ಅಮೆರಿಕದ ಮಿಚಿಗನ್ ಸಂಸ್ಥಾನದ ಗ್ರೋಸ್ ಪಾಯಿಂಟ್ ಎಂಬಲ್ಲಿ 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಪುಸ್ತಕಗಳ ಜೊತೆಗೆ ಬಡಗಿಯ ಉಪಕರಣಗಳನ್ನೂ ಎರವಲು ಕೊಡಲು ಪ್ರಾರಂಭಿಸಿದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಸಾರ್ವಜನಿಕ ಗ್ರಂಥಾಲಯವು 1979ರಲ್ಲಿ ಉಪಕರಣಗಳ ವಿಭಾಗವನ್ನು ತೆರೆಯಿತು. ಮಹಾರಾಷ್ಟ್ರದ ಅನೇಕ ಊರುಗಳಲ್ಲಿ ಸೇವಾಸಂಸ್ಥೆಗಳು ಗಾಲಿಕುರ್ಚಿ, ಊರುಗೋಲು, ಮಡಿಚುವ ಹಾಸಿಗೆ ಮುಂತಾದುವನ್ನು ‘ರುಗ್ಣ ಸಾಹಿತ್ಯ’ ಎಂಬ ಹೆಸರಿನಲ್ಲಿ ಕೊಡುತ್ತವೆ. ಮರಾಠಿಯಲ್ಲಿ ಸಾಹಿತ್ಯವೆಂದರೆ ಸಾಮಗ್ರಿ ಎಂಬ ಅರ್ಥವೂ ಉಂಟು. ಕನ್ನಡ ಶಾಲೆಯ ಮಕ್ಕಳು ಆ ಫಲಕವನ್ನು ಓದಿ, ರೋಗಿಗಳಿಗೆ ಕಾವ್ಯ ಓದಿಸುವರೆಂದು ತಿಳಿಯಬಾರದು! ಕಾಲು ಮುರಿದವನಿಗೆ ಊರುಗೋಲು ಬೇಕಾಗುವುದು ಕೆಲವು ತಿಂಗಳು ಮಾತ್ರ; ಅನಂತರ ಅದು ಅಟ್ಟ ಸೇರುತ್ತದೆ. ಪಕ್ಕದ ಓಣಿಯಲ್ಲಿ ಇನ್ನೊಬ್ಬ ಮುದುಕನು ಗೋಡೆ ಹಿಡಿದು ನಡೆಯುತ್ತಿರುತ್ತಾನೆ. ಭಂಡಾರಕ್ಕೆ ಮೊದಲು ಕೂಡಿಸಬೇಕಾದ ಸಾಮಾನು ಇಂಥದೆಂಬುದು ನಮ್ಮ ಅಭಿಪ್ರಾಯ.

ಈಗ ಒಂದು ಲೆಕ್ಕ. ಅಂಕಿಗಳು ಕಲ್ಪಿತವಾದುವು, ರೀತಿ ಮಾತ್ರ ನಿಜವಾದದ್ದು. ಒಂದು ಓಣಿಯಲ್ಲಿ 40 ಮನೆಗಳಿವೆ. ಪ್ರತಿ ಮನೆಗೆ ವರ್ಷದಲ್ಲಿ 3 ದಿನ ಏಣಿ ಬೇಕು. ಏಣಿಯ ಬೆಲೆ 3,000 ರೂಪಾಯಿ. ಎಲ್ಲರೂ ಕೊಂಡರೆ 1,20,000 ರೂಪಾಯಿ ಖರ್ಚು, ಮತ್ತು ಪ್ರತಿ ಏಣಿಗೆ ವರ್ಷದಲ್ಲಿ 362 ದಿನ ವಿಶ್ರಾಂತಿ. ಒಟ್ಟು ಬೇಕಾದುದು 120 ದಿನಗಳ ಕೆಲಸ. ಆದುದರಿಂದ ಒಂದೇ ಏಣಿ ಸಾಕೆಂದು ಜಾಣ ಹುಡುಗನು ಉತ್ತರ ಬರೆಯುವನು. ಅವನಿಗೆ ಪೂರ್ಣ ಅಂಕ ದೊರೆಯದು. ದೀಪಾವಳಿಗೆ ಮುಂಚಿನ 15 ದಿನಗಳಲ್ಲಿಯೇ 20 ಮನೆಗಳವರು ಸುಣ್ಣಬಣ್ಣಕ್ಕೆಂದು ಏಣಿ ಕೇಳಿದರೆ ಆ ಪಕ್ಷದಲ್ಲೇ 60 ದಿನಗಳ ಕೆಲಸವಾಯಿತು; 4 ಏಣಿಗಳು ಬೇಕು. ಆಗಲೂ ಖರ್ಚು 12,000. ಮನೆಗೆ 300 ರೂಪಾಯಿ. ಸರಾಸರಿಯೊಡನೆ ಪಂಚಾಂಗವನ್ನೂ ನೋಡಬೇಕೆಂಬುದು ಇದರಿಂದ ತಿಳಿಯುವುದು. ಎಳ್ಳಮಾವಾಸ್ಯೆಯ ದಿನ ಒಕ್ಕಲಿಗರ ಮನೆಗಳೆಲ್ಲ ಅಡಿಗೆ ಹೊತ್ತು ಹೊಲಕ್ಕೆ ಹೋಗುತ್ತವೆ. ಅಂದಿನ ಪಾತ್ರೆ ಬುಟ್ಟಿಗಳನ್ನು ಹಂಚಿಕೊಳ್ಳುವುದು ಸಾಧ್ಯವಿಲ್ಲ, ಅವು ಮನೆಮನೆಗೂ ಇರಲೇಬೇಕು. ಶ್ಯಾವಿಗೆ ಯಂತ್ರವಾದರೋ ಬೇಸಿಗೆಯಲ್ಲಿ ದಿನಕ್ಕೊಂದು ಮನೆಯಂತೆ ಓಣಿಯನ್ನೆಲ್ಲ ಸುತ್ತಬಲ್ಲದು.

ನಡೆಸುವ ಕ್ರಮದಲ್ಲಿ ಕೆಲವು ಮಾತು. ಪ್ರತಿ ವಸ್ತುವಿಗೂ ಕ್ರಮಸಂಖ್ಯೆ ಬರೆಯಬೇಕು. ಕೊಡುವಾಗಲೂ ಮರಳಿ ಪಡೆಯುವಾಗಲೂ ಇಬ್ಬರೂ ಕೂಡಿ ನೋಡಿ, ಇದ್ದ ಸ್ಥಿತಿಯನ್ನು ವಹಿಯಲ್ಲಿ ಬರೆದು ರುಜು ಮಾಡಬೇಕು. ಅರ್ಧ ಜಗಳ ಇಲ್ಲಿಯೇ ತಪ್ಪುತ್ತದೆ. ವಿದ್ಯುತ್ತಿನ ಉಪಕರಣಗಳನ್ನು ತಿಳಿದವರು ಪರೀಕ್ಷಿಸಿದ ಹೊರತು ಕೊಡಬಾರದು, ಮಕ್ಕಳ ಕೈಗಂತೂ ಕೊಡಲೇಬಾರದು. ಠೇವಣಿ ಇರಬೇಕೇ ಎಂಬ ಪ್ರಶ್ನೆಯಲ್ಲಿ ಮತಭೇದವುಂಟು. ವಸ್ತುವಿನ ಬೆಲೆಯಷ್ಟು ಠೇವಣಿ ಕೇಳಿದರೆ, ಕೊಳ್ಳುವ ಶಕ್ತಿಯುಳ್ಳವನೇ ಎರವಲು ಪಡೆದಾನು. ಯಾರಿಗಾಗಿ ಭಂಡಾರ ಕಟ್ಟಿದೆವೋ ಅವರು ಬಾಗಿಲಲ್ಲೇ ನಿಲ್ಲುವರು. ಆದುದರಿಂದ ಅಲ್ಪ ವಾರ್ಷಿಕ ವರ್ಗಣಿ, ತಡವಾದರೆ ದಿನದಂಡ, ಮತ್ತು ದುರಸ್ತಿಗೆಂದು ತೆಗೆದಿಟ್ಟ ಒಂದು ನಿಧಿ, ಇಷ್ಟು ಸಾಕೆಂದು ನಾವು ಭಾವಿಸುತ್ತೇವೆ. ದುರಸ್ತಿಯ ನಿಧಿಯಿಲ್ಲದ ಭಂಡಾರವು ಕೆಲವೇ ವರ್ಷಗಳಲ್ಲಿ ಮುರುಕು ಸಾಮಾನಿನ ಕೋಣೆಯಾಗುವುದು.

ಅಭ್ಯಾಸ. ನಿಮ್ಮ ಮನೆಯಲ್ಲಿ ವರ್ಷಕ್ಕೆ ಹತ್ತು ದಿನಗಳಿಗಿಂತ ಕಡಿಮೆ ಬಳಕೆಯಾಗುವ ಐದು ವಸ್ತುಗಳ ಹೆಸರು ಬರೆಯಿರಿ. ಅವು ಯಾವ ತಿಂಗಳಲ್ಲಿ ಬೇಕಾಗುತ್ತವೆ ಎಂಬುದನ್ನೂ ಕಾಣಿಸಿರಿ. ಅಟ್ಟದ ಮೇಲಿನ ಹಳೆಯ ಪಾತ್ರೆಯ ಅಂಚಿನಲ್ಲಿ ಯಾರ ಹೆಸರು ಕೊರೆದಿದೆ? ಅವರು ಯಾರೆಂದು ಅಜ್ಜಿಯನ್ನು ಕೇಳಿ ಬರೆದು ತನ್ನಿರಿ. ಮೇಲಿನ ಲೆಕ್ಕದಲ್ಲಿ 20ರ ಬದಲು 30 ಮನೆಗಳವರು ದೀಪಾವಳಿಗೆ ಮುಂಚೆ ಏಣಿ ಕೇಳಿದರೆ ಎಷ್ಟು ಏಣಿಗಳು ಬೇಕು? ಎರವಲು ತಂದ ಗಾಲಿಕುರ್ಚಿಯು ಅವಧಿ ಮೀರಿ ಮನೆಯಲ್ಲಿದ್ದಾಗ ನೆರೆನೀರಿನಲ್ಲಿ ಕೊಚ್ಚಿಹೋಯಿತು, ಹೊಣೆ ಯಾರದು? ವಿಜ್ಞಾನೇಶ್ವರನ ಗ್ರಂಥದಂತೆ ಒಂದು ಉತ್ತರವನ್ನೂ 1872ರ ಕಾಯ್ದೆಯಂತೆ ಒಂದು ಉತ್ತರವನ್ನೂ ಬರೆದು, ಎರಡರಲ್ಲಿ ಯಾವ ಭೇದವಿದೆ ಎಂಬುದನ್ನು ತಿಳಿಸಿರಿ.